ಕೆಂಪು ಮೋಟರಿಗೆ ಬಂದ ಜ್ವರ

ನಮ್ಮ ಹಿಟ್ಟಿನ ಗಿರಣಿಯ ಮೋಟರು ಕೆಂಪಗಿತ್ತು. ಎಂಬತ್ತರ ದಶಕದ ಬೆಂಗಳೂರಿನ ವಿಜಯನಗರದಲ್ಲಿ ಗಿರಣಿಗಳಿಗೇನೂ ಕೊರತೆಯಿರಲಿಲ್ಲ, ಆದರೆ ಮುಖ ಕಾಣುವಷ್ಟು ಹೊಳೆಯುವ ಮೋಟರು ಇನ್ನೊಂದಿರಲಿಲ್ಲ. ಪ್ರತಿವರ್ಷ ಆಯುಧಪೂಜೆಯ ಹಿಂದಿನ ದಿನ ಅಪ್ಪ ಪಂಚೆ ಎತ್ತಿ ಕಟ್ಟಿ, ಆಯಿಲ್ ಪೇಂಟಿನ ಡಬ್ಬ ಹಿಡಿದು ಮೋಟರಿನ ಮುಂದೆ ಕೂತುಬಿಡುತ್ತಿದ್ದ. ಒಂದು ಕೋಟು ಬಳಿದು ಮುಗಿಸುವವರೆಗೆ ಯಾರು ಕರೆದರೂ ಏಳುತ್ತಿರಲಿಲ್ಲ. ಮಾರನೆಯ ದಿನ ಅದಕ್ಕೆ ಮೂರು ಬೆರಳಿನ ವಿಭೂತಿ, ಕುಂಕುಮ, ಸೇವಂತಿಗೆ ಹಾರ. ರಾಗಿ ಬೀಸಿಸಲು ಬಂದ ಹೆಂಗಸರು ಹೋಗುವಾಗ ಅದಕ್ಕೆ ಕೈಮುಗಿದದ್ದೂ ಉಂಟು.

ನಾನು ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ಮೂಟೆ ಎತ್ತಿ ಅಪ್ಪನ ಸೊಂಟ ಹಿಡಿದುಕೊಂಡ ಮೇಲೆ ಗಿರಣಿ ನನ್ನ ಕೈಗೆ ಬಂತು. 'ಅಯ್ಯೋ, ಓದೋ ಹುಡುಗ' ಎಂದು ಯಾರಾದರೂ ಮರುಗಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಒಂದು ಚಿಟಿಕೆ ಹಿಟ್ಟು ಉಜ್ಜಿ ನೋಡಿದರೆ ಸಾಕು, ಇದು ಮುದ್ದೆಗೆ ಸರಿ, ಇದು ಚಕ್ಕುಲಿಗೆ ಇನ್ನೂ ನುಣ್ಣಗಾಗಬೇಕು ಎಂದು ಹೇಳುತ್ತಿದ್ದೆ. ಕಲ್ಲಿನ ಸದ್ದು ಬದಲಾದರೆ ಕಣ್ಣು ಮುಚ್ಚಿಕೊಂಡೇ ತಿಳಿಯುತ್ತಿತ್ತು. ಅದು ನನ್ನ ವಿದ್ಯೆ. ಅದರ ಬಗ್ಗೆ ನನಗೆ ಜಂಬವೂ ಇತ್ತು, ಈಗಲೂ ಇದೆ.

ಆ ವರ್ಷ ಶಿವರಾತ್ರಿ ಕಳೆಯುತ್ತಿದ್ದಂತೆ ಮೋಟರು ಕಾಯತೊಡಗಿತು.

ಗಿರಣಿಯವನಿಗೆ ಅದೇ ಸುಗ್ಗಿ. ವರ್ಷಕ್ಕಾಗುವಷ್ಟು ಸಾರಿನ ಪುಡಿ, ಮೆಣಸಿನ ಪುಡಿ, ಹಪ್ಪಳದ ಹಿಟ್ಟು ಎಲ್ಲವನ್ನೂ ಮನೆಮನೆಯವರು ಬಿಸಿಲಿರುವಾಗಲೇ ಮಾಡಿಸಿಕೊಳ್ಳಬೇಕು. ಬಿಸ್ಕತ್ ಡಬ್ಬ, ಎಣ್ಣೆ ಡಬ್ಬ, ದಿಂಬಿನ ಚೀಲ, ಎಲ್ಲದರಲ್ಲೂ ಕಾಳು ತುಂಬಿಕೊಂಡು ಬರುತ್ತಿದ್ದರು. ಖಾರಕ್ಕೆಂದು ಮಂಗಳವಾರವನ್ನೇ ಬೇರೆ ಇಟ್ಟಿದ್ದೆ, ಏಕೆಂದರೆ ಖಾರ ಬೀಸಿದ ಕಲ್ಲಿಗೆ ತನ್ನ ಅಕ್ಕಿ ಮೊದಲು ಹಾಕಿಸಲು ಯಾವ ತಾಯಿಯೂ ಒಪ್ಪುವುದಿಲ್ಲ. ಇಂಥ ಹೊತ್ತಿನಲ್ಲಿ ಮೋಟರು ಅರ್ಧ ಡಬ್ಬ ಬೀಸುವುದರೊಳಗೆ ಕಾದು ಕೆಂಡವಾಗುತ್ತಿತ್ತು. ಗೋಡೆಯ ಮೇಲಿನ ಸ್ಟಾರ್ಟರ್ 'ಟಕ್' ಎಂದು ಬಿದ್ದು ಕರೆಂಟು ಕಡಿಯುತ್ತಿತ್ತು. ಬೆಲ್ಟು ನಿಧಾನಕ್ಕೆ ಸುತ್ತಿ ನಿಲ್ಲುತ್ತಿತ್ತು. ಶೆಡ್ಡಿನ ತುಂಬ ವಾರ್ನಿಷ್ ಸುಟ್ಟ ವಾಸನೆ. ಅದು ತಣ್ಣಗಾಗುವವರೆಗೆ ನಾನೂ, ಸಾಲಿನಲ್ಲಿ ನಿಂತವರೂ ಮುಖ ಮುಖ ನೋಡಿಕೊಂಡು ಕೂರಬೇಕು.

"ಏನಪ್ಪಾ, ನಿನ್ನ ಮೋಟ್ರಿಗೆ ಇನ್ನೂ ಜ್ವರ ಬಿಟ್ಟಿಲ್ವಾ?" ಎಂದಳು ಹಿಂದಿನ ಬೀದಿಯ ಅಜ್ಜಿ, ತನ್ನ ಡಬ್ಬದ ಮೇಲೆಯೇ ಕೂತು.

"ಬಿಡುತ್ತೆ ಅಜ್ಜಿ, ಒಂದ್ ನಿಮಿಷ."

"ಅದೇ ಒಂದ್ ನಿಮಿಷದಲ್ಲಿ ನಾನು ಮನೇಲಿ ಕುಟ್ಟಾಣಿ ಹಾಕ್ಕೊಂಡು ಕುಟ್ಟಿದ್ರೂ ಆಗೋಗಿರೋದು. ಒಂದು ತಣ್ಣೀರು ಪಟ್ಟಿ ಹಾಕೋ ಅದಕ್ಕೆ!"

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಇಬ್ಬರು ಹೆಂಗಸರು ಡಬ್ಬ ಎತ್ತಿಕೊಂಡು ಬಸವೇಶ್ವರನಗರದ ಕಡೆ ಹೊಸದಾಗಿ ಶುರುವಾಗಿದ್ದ ಗಿರಣಿಗೆ ನಡೆದದ್ದನ್ನು ನೋಡಿ ನನ್ನ ನಗು ಅಲ್ಲೇ ನಿಂತಿತು.

ನಮ್ಮ ಭಾವ, ಅಂದರೆ ಅಕ್ಕನ ಗಂಡ, ರಾಜಾಜಿನಗರದ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್. ನಮ್ಮ ಮೇಲೆ ಪ್ರೀತಿ ಇದ್ದವರೇ. ಆ ಭಾನುವಾರ ಬಂದವರು ಅಪ್ಪನ ಮುಂದೆ ಕೂತು ಕಾಫಿ ಲೋಟ ಕೆಳಗಿಡುವ ಮೊದಲೇ ವಿಷಯ ತೆಗೆದರು.

"ನೋಡಿ ಮಾವ, ಶೆಡ್ಡು ರೋಡಿಗಿದೆ. ಹಾರ್ಡ್‌ವೇರ್ ಅಂಗಡಿಯವರೊಬ್ರು ಕೇಳ್ತಾ ಇದಾರೆ. ಬಾಡಿಗೆಗೆ ಕೊಟ್ಬಿಡಿ. ಇವನನ್ನ ನಮ್ಮ ಕಾರ್ಖಾನೇಲಿ ಹೆಲ್ಪರ್ ಆಗಿ ಹಾಕಿಸ್ತೀನಿ. ಪಿ.ಎಫ್. ಇರುತ್ತೆ, ಭಾನುವಾರ ರಜ ಇರುತ್ತೆ."

"ನಾನು ಯಾರ ಕೈಕೆಳಗೂ ಹೆಲ್ಪರ್ ಆಗಲ್ಲ ಭಾವ," ಎಂದೆ.

"ಮೋಟ್ರು ಸುಟ್ಟೋದ್ಮೇಲೆ ಏನ್ ಮಾಡ್ತೀಯಾ? ಕೈಯಲ್ಲಿ ಬೀಸ್ತೀಯಾ?"

ನಾನು ಉತ್ತರ ಕೊಡುವ ಮೊದಲೇ ಅಪ್ಪ ಕೈ ಎತ್ತಿದ. "ಯುಗಾದಿ ತನಕ ನೋಡಾನ ಅಳಿಯಂದ್ರೇ. ಅಲ್ಲೀತಂಕ ಓಡಿದ್ರೆ ಓಡ್ತು. ಇಲ್ಲಾಂದ್ರೆ ನೀವು ಹೇಳ್ದಂಗೇ ಆಗ್ಲಿ."

ಅಪ್ಪನ ಆ ಮಾತು ನನ್ನ ಎದೆಯಲ್ಲಿ ಮುಳ್ಳಿನಂತೆ ಕೂತಿತು. ಗಿರಣಿಯನ್ನು ನಾನು ಕಳೆದುಕೊಳ್ಳಬಾರದು. ಆ ಕೆಂಪು ಮೋಟರು ಯುಗಾದಿ ದಾಟಬೇಕು. ಬೇರೆ ಮಾತೇ ಇಲ್ಲ.

ನನಗೆ ತಿಳಿದದ್ದನ್ನೆಲ್ಲ ಮಾಡಿದೆ. ಕಲ್ಲು ಕುಟ್ಟುವವನನ್ನು ಕರೆಸಿ ಎರಡೂ ಕಲ್ಲಿಗೆ ಹಲ್ಲು ಮಾಡಿಸಿದೆ, ಮೋಟರಿಗೆ ಭಾರ ಕಡಿಮೆಯಾಗಲಿ ಎಂದು. ಬೆಲ್ಟು ಒಂದಿಷ್ಟು ಸಡಿಲ ಮಾಡಿದೆ. ಕಾಳನ್ನು ಸಣ್ಣಗೆ ಬಿಟ್ಟೆ. ಮನೆಯ ಟೇಬಲ್ ಫ್ಯಾನು ತಂದು ಮೋಟರಿಗೆ ಮುಖ ಮಾಡಿ ಇಟ್ಟೆ. ಅದು ಮೋಟರನ್ನು ತಣ್ಣಗೆ ಮಾಡಲಿಲ್ಲ, ಸಾಲಿನಲ್ಲಿದ್ದವರ ಮುಖಕ್ಕೆಲ್ಲ ಹಿಟ್ಟು ಮೆತ್ತಿತು. "ಪೌಡ್ರು ಹಚ್ಚೋದಕ್ಕೆ ಬೇರೆ ಬಂದಿದೀವಾ ನಾವು!" ಎಂದು ಒಬ್ಬಳು ಸೆರಗು ಕೊಡವಿದಳು. ಅಜ್ಜಿಯ ಮಾತು ಕೇಳಿ ಒದ್ದೆ ಗೋಣಿ ಹೊದಿಸೋಣ ಎಂದೂ ಅನ್ನಿಸಿತ್ತು. ಕರೆಂಟಿಗೆ ಹೆದರಿ ಬಿಟ್ಟೆ.

ಕೊನೆಗೆ ಬಸ್ಸು ಹತ್ತಿ ನಾಯಂಡಹಳ್ಳಿಗೆ ಹೋದೆ. ಮೈಸೂರು ರಸ್ತೆಯ ಪಕ್ಕದ ಓಣಿಯಲ್ಲಿ ಮೋಟರು ವೈಂಡಿಂಗ್ ಮಾಡುವ ಒಬ್ಬ ಮೇಸ್ತ್ರಿ ಇದ್ದರು.

"ಬಿಚ್ಚಿ ತಂದು ಹಾಕಿ ಸಾರ್. ನೋಡೋಣ," ಎಂದರು, ತಲೆ ಎತ್ತದೆ.

"ಎಷ್ಟ್ ದಿನ ಆಗುತ್ತೆ?"

"ಈ ಸಾಲು ನೋಡಿದ್ರಲ್ಲ. ಯುಗಾದಿ ಕಳೀಲಿ."

ಯುಗಾದಿ ಕಳೆದ ಮೇಲೆ ನನಗೇನು ಪ್ರಯೋಜನ? "ಅಲ್ಲೀವರೆಗೆ ಓಡಿಸಬಹುದಾ?" ಎಂದೆ. "ನಿಮ್ಮಿಷ್ಟ. ಸುಟ್ರೆ ಮಾತ್ರ ನನ್ನ ಬೈಬೇಡಿ," ಎಂದು ಮತ್ತೆ ತಂತಿ ಸುತ್ತತೊಡಗಿದರು.

ಬಸ್ಸಿಗೆ ಇನ್ನೂ ಹೊತ್ತಿತ್ತು. ಅಲ್ಲೇ ಕಟ್ಟೆಯ ಮೇಲೆ ಕೂತೆ. ಓಣಿಯ ಉದ್ದಕ್ಕೂ ರಿಪೇರಿಗೆ ಬಂದ ಮೋಟರುಗಳು, ಎಲ್ಲವೂ ಮಾಸಲು, ಗ್ರೀಸು ಮೆತ್ತಿಕೊಂಡವು. ನಮ್ಮದರ ಹೊಳಪಿನ ಮುಂದೆ ಇವೆಲ್ಲ ಏನು ಎಂದುಕೊಂಡೇ ನೋಡುತ್ತಿದ್ದೆ. ನೋಡುತ್ತ ನೋಡುತ್ತ ಒಂದು ವಿಚಿತ್ರ ಕಂಡಿತು. ಎಲ್ಲ ಮೋಟರಿಗೂ ಮೈಮೇಲೆ ಪಕ್ಕೆಲುಬು! ತೆಳ್ಳನೆಯ ಕಬ್ಬಿಣದ ಏಣುಗಳು, ನಡುನಡುವೆ ಬೆರಳ ತುದಿ ಇಳಿಯುವಷ್ಟು ಆಳದ ಸಂದು. ಹಿಂದುಗಡೆ ತಗಡಿನ ಮುಚ್ಚಳ, ಅದರ ತುಂಬ ತೂತು, ಒಳಗೊಂದು ಫ್ಯಾನು.

ನಮ್ಮ ಮೋಟರಿಗೆ ಪಕ್ಕೆಲುಬೇ ಇರಲಿಲ್ಲ. ಅದರ ಮೈ ಸೋರೆಕಾಯಿಯಷ್ಟು ನುಣುಪು. ಹಿಂದಿನ ಮುಚ್ಚಳದಲ್ಲಿ ತೂತು ಇದ್ದವೋ ಇಲ್ಲವೋ, ನನಗೆ ನೆನಪೇ ಬರಲಿಲ್ಲ.

"ಮೇಸ್ತ್ರೀ, ಈ ಗೆರೆಗೆರೆ ಯಾಕೆ?"

"ಕಾವು ಆಚೆ ಹೋಗಕ್ಕೆ. ಯಾಕ್ ಸಾರ್?"

ಏನಿಲ್ಲ ಎಂದು ಎದ್ದೆ. ಬಸ್ಸಿಗೆ ಕಾಯಲಿಲ್ಲ. ಹೆಚ್ಚುಕಮ್ಮಿ ಓಡಿಕೊಂಡೇ ಬಂದೆ.

ಮಾರನೆಯ ದಿನ ನಮ್ಮ ಕಡೆಗೆ ಹಗಲಿಡೀ ಕರೆಂಟು ಇರುವುದಿಲ್ಲವೆಂದು ಮೊದಲೇ ತಿಳಿದಿತ್ತು. ಬಾಗಿಲಿಗೆ 'ರಜ' ಎಂದು ಸೀಮೆಸುಣ್ಣದಲ್ಲಿ ಬರೆದು, ಸಾಲದ್ದಕ್ಕೆ ಫ್ಯೂಜು ಕಿತ್ತು ಜೇಬಿಗೆ ಹಾಕಿಕೊಂಡು, ಉಳಿ ಸುತ್ತಿಗೆ ಹಿಡಿದು ಮೋಟರಿನ ಮುಂದೆ ಕೂತೆ. ಮೊದಲ ಏಟಿಗೆ ರೊಟ್ಟಿಯಷ್ಟು ದಪ್ಪದ ಚಕ್ಕೆಯೊಂದು ಕಿತ್ತು ಬಂತು. ಕೈಯಲ್ಲಿ ಹಿಡಿದು ನೋಡಿದೆ. ಕೆಂಪು, ಅದರಡಿ ಬಿಳಿ. ಮತ್ತೆ ಕೆಂಪು, ಮತ್ತೆ ಬಿಳಿ. ಬಿಳಿಯದು ಹಿಟ್ಟು! ವರ್ಷವಿಡೀ ಸಂದಿಗೆ ಹಿಟ್ಟು ಕೂರುವುದು, ಆಯುಧಪೂಜೆಗೆ ಅದರ ಮೇಲೆಯೇ ಬಣ್ಣ ಬಳಿಯುವುದು. ಎಣ್ಣೆ ಬಣ್ಣ ಕುಡಿದ ಹಿಟ್ಟು ಕಲ್ಲಾಗಿತ್ತು. ಹಿಂದಿನ ಮುಚ್ಚಳದ ತೂತುಗಳಲ್ಲಿ ಒಂದೂ ತೆರೆದಿರಲಿಲ್ಲ.

ಉಳಿಯ ಸದ್ದಿಗೆ ಅಪ್ಪ ಬಂದ. ಬಾಗಿಲಲ್ಲೇ ನಿಂತ.

"ಏನೋ ಮಾಡ್ತಾ ಇದೀಯಾ?"

"ಬಣ್ಣ ತೆಗೀತಾ ಇದೀನಿ."

"ಪೂಜೆ ಮಾಡಿದ್ ಮೋಟ್ರಿಗೆ ಉಳಿ ಇಟ್ಟಿದೀಯಲ್ಲೋ! ಕೈಯಾದ್ರೂ ಹೆಂಗ್ ಬಂತೋ ನಿಂಗೆ?"

"ಅಪ್ಪಾ, ಇದಕ್ಕೆ ಉಸಿರು ಕಟ್ಟಿದೆ. ಇಲ್ಲಿ ನೋಡು."

"ನಾನು ಬಳಿದದ್ದರಿಂದ ಕಟ್ತಾ?" ಅಪ್ಪನ ಧ್ವನಿ ಏರಿತು. "ಇಷ್ಟು ವರ್ಷ ಓಡಿಲ್ವಾ ಇದು? ಅವಾಗೆಲ್ಲ ಹೆಂಗ್ ಓಡ್ತು?"

"ಅವಾಗ ಒಂದು ಕೋಟು, ಎರಡು ಕೋಟು ಇತ್ತು. ಚಳಿಗೆ ನೀನೊಂದು ಕಂಬಳಿ ಹೊದ್ದರೆ ಹಿತ. ಬೇಸಿಗೇಲಿ ಹತ್ತು ಹೊದಿಸಿ, ಅದರ ಮೇಲೆ ಮೂಟೆ ಹೊರಿಸಿದ್ರೆ?"

ನಾನು ಕೈ ನಿಲ್ಲಿಸಲಿಲ್ಲ. ಅಪ್ಪನಿಗೆ ನೋವಾಗುತ್ತದೆ ಎಂದು ನಿಲ್ಲಿಸಿದ್ದರೆ ಗಿರಣಿ ಹೋಗುತ್ತಿತ್ತು, ಗಿರಣಿ ಹೋಗಿದ್ದರೆ ಅವನಿಗೆ ಅದಕ್ಕಿಂತ ಹೆಚ್ಚು ನೋವಾಗುತ್ತಿತ್ತು. ಸೀಮೆಎಣ್ಣೆ ಸವರಿ ಉಜ್ಜಿದೆ. ಅಡಿಯಲ್ಲಿ ಹಸಿರು ಕಾಣತೊಡಗಿತು.

ಅಪ್ಪ ಮೆಲ್ಲಗೆ ಒಳಗೆ ಬಂದು, ಸೊಂಟ ಹಿಡಿದುಕೊಂಡು ಬಗ್ಗಿ ನೋಡಿದ. "ಗಿರಣಿ ಇಟ್ಟ ವರ್ಷದ್ದು," ಎಂದ. "ನಿಮ್ಮವ್ವ ಹಸಿರೇ ಬಳೀರಿ ಅಂದ್ಲು. ಆಮೇಲೇ ನಾನು ಕೆಂಪಿಗೆ ಬಂದಿದ್ದು."

ಅವ್ವ ತೀರಿಕೊಂಡು ಆಗಲೇ ಬಹಳ ಕಾಲವಾಗಿತ್ತು. ನಾನು ಉಳಿ ಕೆಳಗಿಟ್ಟೆ. ಅಪ್ಪ ಎದ್ದು ಹೊರಗೆ ಹೋದ. ಮುನಿಸಿಕೊಂಡು ಹೋದ ಎಂದುಕೊಂಡೆ. ತುಸು ಹೊತ್ತಿಗೆ ಎದುರಿನ ಸೈಕಲ್ ಶಾಪಿನಿಂದ ಮುರಿದ ಗರಗಸದ ಬ್ಲೇಡೊಂದನ್ನು ತಂದ. "ನಿನ್ನ ಉಳಿ ಸಂದಿಗೆ ಹೋಗಲ್ಲ. ಸರ್ಕೋ ಆ ಕಡೆ," ಎಂದು ನನ್ನ ಪಕ್ಕಕ್ಕೇ ಕೂತ.

ಇಬ್ಬರೂ ಕೆರೆದೆವು. ಏಣಿನ ನಡುವೆ ಬ್ಲೇಡು ತೂರಿಸಿ ಅಪ್ಪ ಎಳೆದರೆ ಹಿಟ್ಟು ಬಣ್ಣ ಎರಡೂ ಉದ್ದುದ್ದಕ್ಕೆ ಶಾವಿಗೆಯಂತೆ ಬರುತ್ತಿತ್ತು. ಮುಚ್ಚಳದ ತೂತುಗಳನ್ನು ಮೊಳೆ ಬಡಿದು ಒಂದೊಂದಾಗಿ ತೆರೆದೆ. ಒಳಗಿನ ಫ್ಯಾನಿನ ರೆಕ್ಕೆಗಳ ಮೇಲೆ ಖಾರದಪುಡಿ ಹೆಪ್ಪುಗಟ್ಟಿತ್ತು. ಇಬ್ಬರೂ ಸೀನಿ ಸೀನಿ ಸುಸ್ತಾದೆವು. "ನಿಮ್ಮವ್ವನ ಬಣ್ಣ ನೋಡೋ, ಬಿಡ್ತಾನೇ ಇಲ್ಲ," ಎಂದ ಅಪ್ಪ ಒಂದು ಸಲ, ಸೀನಿನ ನಡುವೆ. ಅಡಿಯ ಆ ಹಸಿರನ್ನು ಹಾಗೇ ಬಿಟ್ಟೆವು. ತೆಳ್ಳಗಿತ್ತು, ಯಾವ ಸಂದಿಗೂ ಅಡ್ಡವಿರಲಿಲ್ಲ.

ಹೊತ್ತು ಇಳಿಯುವಷ್ಟರಲ್ಲಿ ನಮ್ಮ ಕೆಂಪು ಮೋಟರು ನಾಯಂಡಹಳ್ಳಿ ಓಣಿಯ ಮೋಟರುಗಳಿಗಿಂತ ಕುರೂಪವಾಗಿತ್ತು. ಹಸಿರು ಕಲೆ, ಕಬ್ಬಿಣದ ಬೂದು, ಅಲ್ಲಲ್ಲಿ ಕೆಂಪು ಗಾಯ.

ಮುಂದಿನ ಮಂಗಳವಾರ ಭಾವ ಸೆಕೆಂಡ್ ಶಿಫ್ಟಿಗೆ ಹೋಗುವ ಮೊದಲು ಬಂದರು. ಖಾರದ ಸಾಲು ಬೀದಿಗೆ ತಿರುಗಿತ್ತು. ಅಜ್ಜಿ ಎಲ್ಲರಿಗಿಂತ ಮುಂದೆ. ಬೆಳಗಿನಿಂದ ಸ್ಟಾರ್ಟರ್ ಒಮ್ಮೆಯೂ ಬಿದ್ದಿರಲಿಲ್ಲ. ಆದರೂ ಅದು ಈಗ ಬೀಳುತ್ತದೆಯೋ ಆಗ ಬೀಳುತ್ತದೆಯೋ ಎಂದು ನನ್ನ ಕಿವಿ ಅಲ್ಲೇ ಇತ್ತು.

"ಇದೇನ್ ಮಾಡ್ದೆಯೋ ಮೋಟ್ರಿಗೆ! ಕೋಳಿ ತರಿದಂಗೆ ತರಿದಿದೀಯಲ್ಲ!" ಎಂದರು ಭಾವ.

"ಕೈ ಇಟ್ಟು ನೋಡಿ ಭಾವ."

ಇಡಲು ಹಿಂಜರಿದರು. ಹಿಂದೊಮ್ಮೆ ಇಟ್ಟು ಅಂಗೈ ಸುಟ್ಟುಕೊಂಡಿದ್ದರು. ಅಜ್ಜಿಯೇ ಮುಂದೆ ಬಂದು, "ನಾನು ಬೆಳಗ್ಗೆನೇ ನೋಡ್ದೆ, ಇಡಪ್ಪಾ, ಜ್ವರ ಬಿಟ್ಟೈತೆ," ಎಂದಳು. ಭಾವ ಬೆರಳು ತಾಕಿಸಿದರು, ಆಮೇಲೆ ಪೂರಾ ಅಂಗೈ ಊರಿದರು. ಕಾವಿತ್ತು, ಆದರೆ ಕೈ ತಡೆಯುವಂಥ ಕಾವು. ಕೈ ತೆಗೆಯದೆ ಕಲ್ಲಿನ ಸದ್ದನ್ನು ಸ್ವಲ್ಪ ಹೊತ್ತು ಕೇಳುತ್ತ ನಿಂತರು. ಅವರೂ ಯಂತ್ರದ ನಡುವೆ ಬದುಕಿದವರು.

ಮೂಲೆಯಲ್ಲಿ ಸ್ಟೂಲಿನ ಮೇಲೆ ಕೂತಿದ್ದ ಅಪ್ಪ ಎಲೆಗೆ ಸುಣ್ಣ ಸವರುತ್ತ, "ಹಾರ್ಡ್‌ವೇರ್‌ನೋರಿಗೆ ಹೇಳ್ಬಿಡಿ ಅಳಿಯಂದ್ರೇ, ಶೆಡ್ಡು ಖಾಲಿ ಇಲ್ಲ," ಎಂದ.

"ಯುಗಾದಿ ತನಕ ಅಂದಿದ್ರಲ್ಲ ಮಾವ, ಇನ್ನೂ ಬಂದಿಲ್ವಲ್ಲ?"

"ಬರುತ್ತೆ ಬಿಡಿ."

ಆ ವರ್ಷದ ಆಯುಧಪೂಜೆಗೂ ಅಪ್ಪ ಪೇಂಟಿನ ಡಬ್ಬ ತಂದ. ಪಂಚೆ ಎತ್ತಿ ಕಟ್ಟಿ ಮೋಟರಿನ ಮುಂದೆ ಕೂತ. ನಾನು ಏನಾದರೂ ಅನ್ನಬೇಕು ಎಂದು ಬಾಯಿ ತೆರೆದೆ, ಅಷ್ಟರಲ್ಲಿ ಅವನು ಗರಗಸದ ಬ್ಲೇಡು ತೆಗೆದು ಸಂದಿಗಳಲ್ಲಿ ಕೂತ ಹಿಟ್ಟು ಕೆರೆಯತೊಡಗಿದ. ಎಲ್ಲ ಕೆರೆದು, ಬಟ್ಟೆಯಲ್ಲಿ ಒರೆಸಿ, ಎದ್ದು ಹೋಗಿ ಗಿರಣಿಯ ಬಾಗಿಲಿಗೆ ಬಣ್ಣ ಬಳಿದ. ಹಸಿರು ಬಣ್ಣ.