ನದಿಯ ಎತ್ತರ ಬರೆಯುವವನು

ಸೇತುವೆಯ ಕಂಬಕ್ಕೆ ನೀರಿನ ಮಟ್ಟದ ಅಂಕಿ ಬರೆಯುವ ಪೇಂಟರಿಗೆ ಪ್ರವಾಹ ಇಳಿದ ಮರುದಿನ ಕಾಲು ನೆಲದ ಮೇಲೆ ನಿಲ್ಲುವುದಿಲ್ಲ. ಅವನ ಅಪ್ಪ ಏಳು ಮೀಟರ್ ಬರೆದು ಸಾಕೆಂದು ಕುಂಚ ತೊಳೆದಿಟ್ಟಿದ್ದರು. ಇವನು ಎಂಟು ಬರೆದ, ಈ ಸಲ ಒಂಬತ್ತು. "ನದಿಗೆ ಮತ್ತೆ ಪ್ರಮೋಷನ್ ಕಣೇ! ಭೂಮಿ ಬಿಸಿಯಾದಷ್ಟೂ ಮೋಡ ಜಾಸ್ತಿ ನೀರು ಹೊರುತ್ತೆ!" ಎಂದು ಏಣಿಯ ತುದಿಯಿಂದ ಕೂಗುತ್ತಾನೆ. "ಮೊದಲು ಇಳೀರಿ, ಇಲ್ಲಾಂದ್ರೆ ನಿಮಗೂ ಮೇಲಕ್ಕೇ ಪ್ರಮೋಷನ್ನು," ಎನ್ನುತ್ತಾಳೆ ಏಣಿ ಹಿಡಿದ ಹೆಂಡತಿ. ಒಂಬತ್ತೆಂದರೆ ದಡದಲ್ಲಿರುವ ಅವರ ಮನೆಯ ಹೊಸ್ತಿಲಿನ ಮಟ್ಟ. ಇನ್ನೂ ಬಾರದ ಹತ್ತನ್ನೂ ಅಳೆದೇಬಿಡೋಣವೆಂದು ಅವನು ಉತ್ಸಾಹದಿಂದ ಮನೆಗೋಡಿ, ಹೊಸ್ತಿಲಿನಿಂದ ಒಂದು ಮೀಟರ್ ಮೇಲೆ ಬಾಗಿಲ ಚೌಕಟ್ಟಿಗೆ ಗೆರೆ ಎಳೆದ. ಹುಟ್ಟುಹಬ್ಬಕ್ಕೊಮ್ಮೆ ಮಗಳ ಎತ್ತರ ಗುರುತಿಸಿದ ಗೆರೆಗಳೆಲ್ಲ ಅದರ ಕೆಳಗೇ ಉಳಿದವು. ಅವನು ಮಗಳ ಹಾಸಿಗೆ ಸುತ್ತಿ ಮಹಡಿಗೆ ಹೊತ್ತೊಯ್ದ.