ಬಾಳೆಹೊನ್ನೂರಿನವರೆಗೆ ಬಂದ ಅಪ್ಪಾಜಿ

ಹೊಟ್ಟೆಗೆ ಇನ್ಸುಲಿನ್ ಪಂಪ್ ಹಾಕಿಸಿಕೊಂಡ ಮೂರನೇ ವಾರ ನಾನು ಒಬ್ಬಳೇ ಕಳಸಕ್ಕೆ ಹೊರಟೆ. ಅಲ್ಲಿನ ಒಂದು ಶಾಲೆಯಲ್ಲಿ ಚಿತ್ರಕಲಾ ಶಿಕ್ಷಕಿ ಹುದ್ದೆಗೆ ಸಂದರ್ಶನವಿತ್ತು. ಇಪ್ಪತ್ತಾರು ವರ್ಷವಾಗಿದ್ದರೂ ಆಲ್ದೂರು ಬಿಟ್ಟು ಒಂಟಿಯಾಗಿ ಅಷ್ಟು ದೂರ ಹೋದವಳಲ್ಲ.

ನನಗೆ ಹುಟ್ಟಿನಿಂದಲೇ ಸಿಸ್ಟಿಕ್ ಫೈಬ್ರೋಸಿಸ್. ಶ್ವಾಸಕೋಶದಲ್ಲಿ ಅಂಟು ಕಫ ಕಟ್ಟುತ್ತದೆ; ಪ್ರತಿ ಊಟದ ಜೊತೆ ಜೀರ್ಣಕ್ಕೆ ಮಾತ್ರೆ ನುಂಗಬೇಕು. ಅದೇ ಕಾಯಿಲೆ ಇಪ್ಪತ್ತೆರಡನೇ ವಯಸ್ಸಿಗೆ ಸಕ್ಕರೆ ಕಾಯಿಲೆಯನ್ನೂ ತಂದಿತು. ನೆಂಟರೆಲ್ಲ "ಅನ್ನ ಬಿಡು, ಸಿಹಿ ಬಿಡು" ಎಂದರು. ಡಾಕ್ಟರು ಮಾತ್ರ ತೂಕ ಇಳಿಯಬಾರದು, ತುಪ್ಪ ಹಾಕಿಕೊಂಡು ಹೊಟ್ಟೆ ತುಂಬ ತಿನ್ನು ಎಂದರು. ತಿಂದಾಗಲೆಲ್ಲ ಸೂಜಿ ಚುಚ್ಚಿಕೊಳ್ಳುತ್ತಿದ್ದೆ. ಈಗ ತೋಳಿನ ಸೆನ್ಸರ್ ಐದೈದು ನಿಮಿಷಕ್ಕೆ ಸಕ್ಕರೆ ಅಳೆದು ಪಂಪಿಗೆ ತಿಳಿಸುತ್ತದೆ. ಪಂಪು ತಾನೇ ಇನ್ಸುಲಿನ್ ಹೆಚ್ಚುಕಡಿಮೆ ಮಾಡುತ್ತದೆ. ಎಷ್ಟು ಊಟ ಮಾಡುತ್ತೇನೆಂದು ಮಾತ್ರ ನಾನು ಹೇಳಬೇಕು. ಸಕ್ಕರೆಯ ಅಂಕಿ ನನ್ನ ಮೊಬೈಲಿನ ಮೂಲಕ ಅಪ್ಪಾಜಿಯ ಮೊಬೈಲಿಗೂ ಹೋಗುತ್ತದೆ. ತಮ್ಮ ಹಾರ್ಡ್‌ವೇರ್ ಅಂಗಡಿಯಲ್ಲಿ ಮೊಳೆ ತೂಗುತ್ತಲೇ ಅವರ ಕಣ್ಣು ಅದರ ಮೇಲಿರುತ್ತಿತ್ತು.

ಆ ಬೆಳಿಗ್ಗೆ ತಟ್ಟೆ ತುಂಬ ಉಪ್ಪಿಟ್ಟು ಎಂದು ಪಂಪಿಗೆ ಹೇಳಿ, ಗಾಬರಿಯಲ್ಲಿ ಅರ್ಧಕ್ಕೇ ಎದ್ದುಬಿಟ್ಟೆ. ಇನ್ಸುಲಿನ್ ಮಾತ್ರ ಪೂರ್ತಿ ತಟ್ಟೆಯದ್ದೇ ಒಳಹೋಗಿತ್ತು. ಬಸ್ಸು ಎಸ್ಟೇಟುಗಳ ನಡುವಿನ ತಿರುವುಗಳಿಗೆ ಬಂದಾಗ ಪಂಪಿನ ತೆರೆಯಲ್ಲಿ ಅಂಕಿ ಎಂಬತ್ತೆರಡು, ಬಾಣ ಕೆಳಮುಖ: ಸಕ್ಕರೆ ಇನ್ನೂ ಇಳಿಯುತ್ತಿತ್ತು, ಎಪ್ಪತ್ತರ ಕೆಳಗೆ ಹೋದರೆ ಅಪಾಯ. ಅಷ್ಟರಲ್ಲಿ ಮೊಬೈಲಿನ ನೆಟ್‌ವರ್ಕ್ ಹೋಯಿತು; ಅಪ್ಪಾಜಿಗೆ ಅಂಕಿ ಹೋಗುವುದೂ ನಿಂತಿತು.

ಇನ್ಸುಲಿನ್ ನಿಲ್ಲಿಸಿದ್ದೇನೆ ಎಂದು ಪಂಪು ತೋರಿಸುತ್ತಿತ್ತು. ನನಗೆ ನಂಬಿಕೆ ಬರಲಿಲ್ಲ. ಗ್ಲೂಕೋಸ್ ಪುಡಿ ಬಾಯಿಗೆ ಹಾಕಿಕೊಂಡೆ. ಎಪ್ಪತ್ತನಾಲ್ಕು. ಇನ್ನಷ್ಟು ತಿನ್ನಲೇ, ಬಸ್ಸು ನಿಲ್ಲಿಸಲು ಹೇಳಲೇ? ಪೊಟ್ಟಣ ಮಡಚಿದೆ, ಮತ್ತೆ ಬಿಚ್ಚಿದೆ. ಪಕ್ಕದ ಹೆಂಗಸು "ವಾಂತಿ ಬರ್ತದಾ? ಕಿಟಕಿ ಕಡೆ ಬಾ" ಎಂದು ಜಾಗ ಬದಲಿಸಿದರು. ಬಾಳೆಹೊನ್ನೂರು ಹತ್ತಿರವಾದಾಗ ಅಂಕಿ ತೊಂಬತ್ತಕ್ಕೆ ಬಂದು ನಿಂತಿತ್ತು.

ಅಲ್ಲಿ ಬಸ್ಸು ಇಪ್ಪತ್ತು ನಿಮಿಷ ನಿಲ್ಲುತ್ತದೆ. ನೆಟ್‌ವರ್ಕ್ ಬಂದದ್ದೇ ಅಪ್ಪಾಜಿಯ ಹನ್ನೊಂದು ಮಿಸ್ಡ್ ಕಾಲ್. ವಾಪಸ್ ಮಾಡಿದರೆ ಅವರು ಎತ್ತಲಿಲ್ಲ. ಎರಡು ಸಲ ಮಾಡಿ ಮೂರನೆಯದಕ್ಕೆ ಕೈ ಹಾಕುವಾಗ ಅವರ ಸ್ಕೂಟರೇ ಬಸ್‌ಸ್ಟ್ಯಾಂಡಿಗೆ ಬಂತು.

"ಎಂತಾಯ್ತು ಮಗ? ಎಂಬತ್ತೆರಡು ತೋರ್ಸಿ ನಿಂತೇ ಹೋಯ್ತಲ್ಲ."

"ನೆಟ್‌ವರ್ಕ್ ಇರ್ಲಿಲ್ಲ ಅಷ್ಟೆ. ಅಂಗಡಿ?"

"ಷಟರ್ ಎಳ್ದು ಬಂದೆ."

ನನಗೆ ಸಿಟ್ಟೂ ಬಂತು, ಅಳುವೂ ಬಂತು. ಪಂಪನ್ನು ಅವರ ಮುಂದೆ ಹಿಡಿದೆ.

"ನೋಡಿ, ಇಲ್ಲಿ ಅದೇ ಇನ್ಸುಲಿನ್ ನಿಲ್ಸಿದೆ. ಇಲ್ಲಿ ಮತ್ತೆ ಶುರು ಮಾಡಿದೆ. ನಾನು ಮುಟ್ಟಿಲ್ಲ."

ಅಪ್ಪಾಜಿ ಕನ್ನಡಕ ಹಾಕಿಕೊಂಡು ತುಂಬ ಹೊತ್ತು ನೋಡಿದರು. "ಆಯ್ತು. ಆದ್ರೂ ನಾನು ಬಸ್ ಹಿಂದೆನೇ ಬರ್ತೀನಿ."

"ಬೇಡ ಅಪ್ಪಾಜಿ. ನೀವು ಬಂದ್ರೆ ನಾನು ಇಲ್ಲಿಂದ್ಲೇ ವಾಪಸ್."

ಅವರಿಗೆ ಹಾಗೆ ಹೇಳಿದ್ದು ಅದೇ ಮೊದಲು. ಬಸ್ಸು ಹೊರಟಾಗ ಅವರು ಸ್ಕೂಟರಿಗೆ ಒರಗಿ ನಿಂತೇ ಇದ್ದರು. ಕಳಸದವರೆಗೂ ನಾನು ಹಿಂದಿನ ಗಾಜಿನತ್ತ ಮತ್ತೆ ಮತ್ತೆ ತಿರುಗಿದೆ. ಅವರು ಬರಲಿಲ್ಲ, ಅದಕ್ಕೆ ಸಮಾಧಾನಪಡಬೇಕೋ ಬೇಡವೋ ತಿಳಿಯಲಿಲ್ಲ.

ಕೆಲಸ ಸಿಕ್ಕಿತು. ಈಗ ಕಳಸದಲ್ಲೇ ಬಾಡಿಗೆ ರೂಮು. ಪಾಠದ ನಡುವೆ ಪಂಪು ನೋಡುವ ಚಾಳಿ ನನ್ನನ್ನು ಬಿಟ್ಟಿಲ್ಲ. ಅಪ್ಪಾಜಿ ದಿನಕ್ಕೆರಡು ಸಲ ಫೋನ್ ಮಾಡಿ ಊಟ ಆಯ್ತಾ ಎಂದು ಕೇಳುತ್ತಾರೆ. ಅಂಕಿ ಈಗಲೂ ಅವರ ಮೊಬೈಲಿಗೆ ಹೋಗುತ್ತದೆ, ಆದರೆ ಅದರ ಸುದ್ದಿ ಎತ್ತುವುದಿಲ್ಲ.