ಕಂಚಿನ ಹುಳುಕಿಗೆ ಛಿಯಾವ್ ಅಕ್ಕನ ಸೂಜಿ

ಇನ್ನೂ ಬೆಳಕು ಹರಿದಿಲ್ಲ. ಛಿಯಾವ್ ಯುನ್‌ಲಾನ್ ಆಗಲೇ ವಸ್ತುಸಂಗ್ರಹಾಲಯದ ನೆಲಮಾಳಿಗೆಗೆ ಇಳಿದಿದ್ದಾರೆ. ಮೇಜಿನ ಮೇಲೆ ಮುಚ್ಚಿದ ಗಾಜಿನ ಪೆಟ್ಟಿಗೆ. ಒಳಗೆ ಒದ್ದೆ ಬಟ್ಟೆಗಳ ನಡುವೆ ಮೂರು ಸಾವಿರ ವರ್ಷ ಹಳೆಯ ಕಂಚಿನ ಹೂಜಿ. ನಿನ್ನೆ ಅದನ್ನು ಅಲ್ಲಿಟ್ಟವರು ಅವರೇ. ಈಗ ಮುಚ್ಚಳ ತೆಗೆಯಲು ಕೈ ಬರುತ್ತಿಲ್ಲ.

"ತೆಗೀರಿ ಅಕ್ಕ, ಒಳಗೆ ಹಾವೇನಿಲ್ಲ," ವರದಿಗೆಂದು ಬಂದ ನನ್ನ ಪಕ್ಕ ಬಾಗಿಲಲ್ಲಿ ನಿಂತ ಕಾವಲುಗಾರ ಶೀ ರೇಗಿಸುತ್ತಾರೆ.

"ಹಾವಾಗಿದ್ರೆ ನಿಮ್ಮನ್ನೇ ಮುಂದೆ ಬಿಡ್ತಿದ್ದೆ."

ವೈ ನದಿಯ ಬಯಲಲ್ಲಿ ಹೊಲ ಅಗೆದರೆ ಕಂಚು ಸಿಗುವುದು ಹೊಸದಲ್ಲ. ಈ ಹೂಜಿ ಸಿಕ್ಕಿದ್ದು ರೈತ ಗೊಂಗ್ ಬಾವ್‌ತ್ಯೆನ್‌ಗೆ, ಸೇಬಿನ ಸಸಿಗೆ ಗುಂಡಿ ತೋಡುವಾಗ. ಹೊದಿಕೆಯಲ್ಲಿ ಸುತ್ತಿ ತಂದೊಪ್ಪಿಸಿದ ಆತ ಪ್ರತಿ ಸಂತೆಯ ದಿನವೂ ಬಂದು ವಿಚಾರಿಸುತ್ತಾನೆ: "ನಮ್ಮ ರೋಗಿ ಹೇಗಿದೆ?"

ರೋಗ ನಿಜವೇ. ಮಣ್ಣಿನ ಉಪ್ಪು ಕಂಚಿನೊಳಗಿನ ತಾಮ್ರದ ಜೊತೆ ಸೇರಿ ತಾಮ್ರದ ಕ್ಲೋರೈಡ್ ಆಗಿ ಅಡಗಿರುತ್ತದೆ. ಒಣಗಿದ್ದಷ್ಟು ದಿನ ಅದು ಸುಮ್ಮನಿರುತ್ತದೆ. ಗಾಳಿಯ ಜೊತೆ ತೇವ ತಾಗಿತೋ, ತಿಳಿಹಸಿರು ಪುಡಿಯಾಗಿ ಉಬ್ಬುತ್ತದೆ, ಆಮ್ಲ ಬಿಡುತ್ತದೆ. ಆ ಆಮ್ಲ ಇನ್ನಷ್ಟು ತಾಮ್ರವನ್ನು ತಿನ್ನುತ್ತದೆ, ಮತ್ತೆ ಕ್ಲೋರೈಡ್ ಹುಟ್ಟುತ್ತದೆ. ಕಳೆದ ಶರತ್ಕಾಲದ ಜಡಿಮಳೆಯಲ್ಲಿ ತೇವ ಹೀರುವ ಯಂತ್ರ ಕೆಟ್ಟಾಗ ಹೂಜಿಯ ಹಿಡಿಯ ಬುಡದಲ್ಲಿ ಆ ಪುಡಿ ಕಾಣಿಸಿತು. ಬಿಟ್ಟರೆ ಹಿಡಿಯೇ ಕಳಚಿ ಬೀಳುತ್ತಿತ್ತು.

ಛಿಯಾವ್ ಮೊದಲು ದಂತವೈದ್ಯರೊಬ್ಬರ ಬಳಿ ಕಟ್ಟುಹಲ್ಲು ಮಾಡುತ್ತಿದ್ದವರು. ಆಸ್ಪತ್ರೆ ಮುಚ್ಚಿದ ಮೇಲೆ ಇಲ್ಲಿ ಕಸ ಗುಡಿಸುವ ಕೆಲಸಕ್ಕೆ ಸೇರಿ, ಹಿರಿಯ ದುರಸ್ತಿಗಾರರ ಪಕ್ಕ ಕೂತು ಕೆಲಸ ಕಲಿತರು. "ಹಲ್ಲಿನ ಹುಳುಕೂ ಇದೂ ಒಂದೇ ಜಾತಿ. ಮೇಲೆ ಸಾಸಿವೆಯಷ್ಟು, ಒಳಗೆ ಗುಹೆ," ಎನ್ನುತ್ತಾರೆ. ಚಳಿಗಾಲವಿಡೀ ಭೂತಗನ್ನಡಿಯ ಕೆಳಗೆ ಸೂಜಿಯಿಂದ ಪುಡಿ ಕೆದಕಿ, ಗುಳಿಗಳಿಗೆ ಬೆಳ್ಳಿಯ ಆಕ್ಸೈಡ್ ತುಂಬಿದ್ದಾರೆ. ಅದು ಕ್ಲೋರೈಡನ್ನು ಹಿಡಿದು ಬಾಯಿ ಮುಚ್ಚಿಸುತ್ತದೆ. ಕತ್ತು ಸೆಟೆದು ಬಗ್ಗದೆ, ಊಟದ ಬಟ್ಟಲನ್ನೂ ಎದೆಮಟ್ಟಕ್ಕೆ ಎತ್ತಿ ತಿಂದಿದ್ದಾರೆ.

ವಾಸಿಯಾಯಿತೇ ಎಂದು ತಿಳಿಯಲು ಇರುವ ದಾರಿ ಒಂದೇ, ಬೇಕೆಂದೇ ತೇವದಲ್ಲಿಡುವುದು. ಹಿಂದೆ ಎರಡು ಸಲ ಹಾಗಿಟ್ಟಾಗಲೂ ಹಸಿರು ಚುಕ್ಕೆ ಎದ್ದಿತ್ತು. "ಜ್ವರ ಬಿಟ್ಟ ಮಗೂನ ಮಳೇಲಿ ನಿಲ್ಲಿಸಿದ ಹಾಗೆ. ಯಾರಿಗೆ ಮನಸ್ಸು ಬರುತ್ತೆ?" ಎನ್ನುತ್ತಾರೆ ಛಿಯಾವ್.

ಕೊನೆಗೂ ಮುಚ್ಚಳ ತೆಗೆಯುತ್ತಾರೆ. ದೀಪ ಹತ್ತಿರ ಹಿಡಿದು ಹಿಡಿಯ ಸುತ್ತ ನೋಡುತ್ತಾರೆ, ಮತ್ತೊಮ್ಮೆ ನೋಡುತ್ತಾರೆ. ಎಲ್ಲಿಯೂ ಚುಕ್ಕೆಯಿಲ್ಲ. ಸ್ಟೂಲಿನ ಮೇಲೆ ಕುಸಿದು ಕೂತು, ನಗುತ್ತಲೇ ಕಣ್ಣೊರೆಸಿಕೊಳ್ಳುತ್ತಾರೆ.

ಆಮೇಲೆ ಗೊಂಗ್‌ಗೆ ಫೋನ್ ಮಾಡಿ ಸುದ್ದಿ ಹೇಳುತ್ತಾರೆ. ಆತನ ದನಿ ನನಗೂ ಕೇಳಿಸುತ್ತದೆ. "ಹಾಗಾದ್ರೆ ಮನೆಗೆ ಕರ್ಕೊಂಡು ಹೋಗಬಹುದಾ?"

"ನೋಡೋಕೆ ಬಾ ಮಾರಾಯ. ಹೊದಿಕೆ ಮಾತ್ರ ತರಬೇಡ."

ಮುಂದೇನು ಆಸೆ ಎಂದು ಕೇಳುತ್ತೇನೆ. ಸೂಜಿ ಒರೆಸಿ ಡಬ್ಬಿಯಲ್ಲಿಡುತ್ತಾರೆ.

"ಇವತ್ತು ಮಳೆ ಬರಲಿ. ಕಿಟಕಿ ತೆಗೆದಿಟ್ಟು ಮಲಗ್ತೀನಿ."